ಮನೆ ಮತ್ತು ನೆರೆ

ನಮ್ಮ ಕಡೆ ಬಾಡಿಗೆ ಮನೆ ನೋಡಲು ಬಂದವರಿಗೆ ಮೊದಲು ನೀರು ಕೊಡುತ್ತೇವೆ, ಆಮೇಲೆ ಚಹಾ ಮಾಡುತ್ತೇವೆ. ಇವೆರಡರ ನಡುವೆ ಒಂದು ಪ್ರಶ್ನೆ ಇದೆ. "ನಿಮ್ಮ ಅಡ್ಡಹೆಸರು ಏನಂದ್ರಿ?" ಅಡ್ಡಹೆಸರಿನಿಂದ ತಿಳಿಯದಿದ್ದರೆ, "ನಿಮ್ಮ ಪೈಕಿ ಇಲ್ಲಿ ಯಾರ್ಯಾರು ಅದಾರ್ರಿ?" ಅದರಿಂದಲೂ ತಿಳಿಯದಿದ್ದರೆ, "ನಿಮ್ಮ ಮನಿದೇವರು ಯಾವುದ್ರಿ?" ಈ ಮೂರರಲ್ಲಿ ಒಂದಲ್ಲ ಒಂದು ಗುರಿ ಮುಟ್ಟಿಯೇ ಮುಟ್ಟುತ್ತದೆ. ಚಹಾ ಒಲೆಗೇರುವುದು, ಏರದಿರುವುದು ಆ ಉತ್ತರವನ್ನು ನೋಡಿಕೊಂಡು.

ಚಿಕ್ಕೋಡಿಯಲ್ಲಿ ನಮ್ಮದೊಂದು ಮನೆಯಿದೆ. ಎನ್.ಎ. ಪ್ಲಾಟು ಕೊಂಡು, ಯಜಮಾನರೂ ನಾನೂ ಇಬ್ಬರ ಸಂಬಳ ಕೂಡಿಸಿ ಕಟ್ಟಿದ್ದು. ಅವರು ಹೋದ ಮೇಲೆ, ಮಗ ಪುಣೆಯಲ್ಲಿ ನೆಲೆಸಿದ ಮೇಲೆ, ಮಾಳಿಗೆಯ ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡಬೇಕೆಂದು ಗೇಟಿಗೆ ಬೋರ್ಡು ಕಟ್ಟಿಸಿದೆ. 2021ರ ಮಳೆಗಾಲದಲ್ಲಿ ಒಬ್ಬಳು ಹುಡುಗಿ ಬಂದಳು. ದವಾಖಾನೆಯಲ್ಲಿ ನರ್ಸು. ಕೊರೋನಾದ ಎರಡನೆಯ ವರ್ಷ ಅದು. ಊರೆಲ್ಲ ನರ್ಸುಗಳನ್ನು ದೇವರೆಂದು ಕರೆಯುತ್ತಿದ್ದ ದಿನಗಳು. ಕೋಣೆ ನೋಡಿದಳು, ಮೆಚ್ಚಿದಳು. ಕೆಳಗೆ ಬಂದು ಪಡಸಾಲೆಯಲ್ಲಿ ಕುಳಿತಳು. ನೀರು ಕೊಟ್ಟೆ. ಪ್ರಶ್ನೆ ಕೇಳಿದೆ. ಅವಳು ಸುತ್ತುಬಳಸದೆ ತನ್ನ ಜಾತಿಯನ್ನೇ ಹೇಳಿಬಿಟ್ಟಳು.

"ಮಗನ್ನ ಕೇಳಿ ಹೇಳ್ತೇನವಾ" ಅಂದೆ.

"ಆಗಲ್ರಿ ಬಾಯಾರ" ಎಂದು ಎದ್ದಳು. ಲೋಟವನ್ನು ತಾನೇ ಒಯ್ದು ಹೊರಗಿನ ನಳದ ಕೆಳಗೆ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದಳು. ಹಾಗೆ ಮಾಡೆಂದು ನಾನು ಹೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ. ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿಕೊಂಡು ಹೋದಳು. ಗೋಡೆಯ ಮೇಲೆ ಬಸವಣ್ಣನವರ ಫೋಟೋ ಇತ್ತು. ಅದಕ್ಕೆ ಬೆಳಿಗ್ಗೆ ತಾನೇ ನಾನು ಹೂವಿನ ಮಾಲೆ ಹಾಕಿದ್ದೆ.

ರಾತ್ರಿ ಮಗ ಫೋನ್ ಮಾಡಿದಾಗ ಸುದ್ದಿ ಹೇಳಿದೆ. "ನನ್ನ ಕೇಳಿ ಹೇಳ್ತೇನಂದ್ಯಾ? ಮತ್ತ ಕೇಳವಾ, ಈಗ ಕೇಳು" ಅಂದ. ನಾನು ಕೇಳಲಿಲ್ಲ. ಪುಣೆಗೆ ಹೋದ ಹೊಸದರಲ್ಲಿ ಅವನಿಗೂ ಮೂರು ಕಡೆ ಮನೆ ಸಿಕ್ಕಿರಲಿಲ್ಲ. ಒಂದು ಕಡೆ ಭಾಷೆ ಕೇಳಿದರು, ಒಂದು ಕಡೆ ಊಟ ಕೇಳಿದರು. ಆಗ ನಾನೇ ಇಲ್ಲಿಂದ ಹಲ್ಲು ಕಡಿದಿದ್ದೆ. "ಮನಿ ಕೊಡಾಕ ಇವರಪ್ಪನ ಗಂಟೇನು ಹೋಗೂದು" ಎಂದು ಬೈದಿದ್ದೆ. ಅವರಪ್ಪನ ಗಂಟೇನೋ ಹೋಗುತ್ತಿರಲಿಲ್ಲ. ಹಾಗಾದರೆ ನನ್ನ ಗಂಟು ಏನು ಹೋಗುತ್ತಿತ್ತು?

ಈ ಪ್ರಶ್ನೆ ಕೇಳುವುದನ್ನು ನಾನು ಎಲ್ಲಿ ಕಲಿತೆ ಎಂದು ಆ ರಾತ್ರಿ ಕುಳಿತು ಯೋಚಿಸಿದೆ. ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ಊರು ಕಟ್ಟಿದ ರೀತಿಯಲ್ಲೇ ಅದಿತ್ತು. ಆ ರೀತಿಯನ್ನು ಉಳಿಸಿದ ಕಾಗದದ ಮೇಲೆ ನನ್ನ ಅಕ್ಷರವೂ ಇತ್ತು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಮತ್ತೆ ಈಚೆಗೆ ಪ್ರತ್ಯೇಕ ತಾಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡ, ಇವು ಬೆಳಗಾವಿ ಜಿಲ್ಲೆಯ ಬಡಗಣ ಅಂಚಿನ ತಾಲೂಕುಗಳು. ಕೃಷ್ಣಾ, ದೂಧಗಂಗಾ, ವೇದಗಂಗಾ ಹೊಳೆಗಳ ನಾಡು. ಕಬ್ಬು, ತಂಬಾಕು, ಅರಿಷಿಣ, ಜೋಳ. ಲಿಂಗಾಯತರು, ಜೈನರು, ಮರಾಠರು, ಕುರುಬರು, ಮುಸಲ್ಮಾನರು, ದಲಿತರು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಇದ್ದೇ ಇದ್ದಾರೆ. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಕೂಡಿದ ಮಾತು. ಹೊರಗಿನವರು ನೋಡಿದರೆ ಎಷ್ಟು ಹೊಂದಿಕೊಂಡು ಇದ್ದಾರಪ್ಪ ಅನ್ನಬೇಕು. ಹೊಂದಿಕೊಂಡೇ ಇದ್ದೇವೆ, ನಿಜ. ಯಾರ ಓಣಿ ಯಾವುದು ಎಂದು ಎಲ್ಲರಿಗೂ ಗೊತ್ತಿರುವುದರಿಂದ ಹೊಂದಿಕೆ ಕೆಡುವ ಪ್ರಸಂಗ ಬರುವುದು ಕಡಿಮೆ.

ನಾನು ಬೆಳೆದದ್ದು ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ. ಅಗಸಿ ದಾಟಿ ಒಳಗೆ ಬಂದರೆ ಗೌಡರ ವಾಡೆ, ಮಠದ ಓಣಿ, ಬಸ್ತಿ ಓಣಿ, ಆಚೆಗೆ ಕುರುಬರ ಓಣಿ, ಮುಲ್ಲಾ ಓಣಿ. ಅಗಸಿಯ ಹೊರಗೆ, ನೀರು ಹರಿದು ಹೋಗುವ ತಗ್ಗಿನಲ್ಲಿ ಕೇರಿ. ಊರಿನ ಗಟಾರವೆಲ್ಲ ಆ ಕಡೆಗೇ ಹರಿಯುತ್ತಿತ್ತು. ಹೊಳೆ ಏರಿದಾಗ ಮೊದಲು ನೀರು ನುಗ್ಗುತ್ತಿದ್ದುದೂ ಅಲ್ಲಿಗೇ. ಸಣ್ಣವಳಾಗಿದ್ದಾಗ ನನಗೆ ಇದೆಲ್ಲ ಗುಡ್ಡ, ಹಳ್ಳ ಇದ್ದ ಹಾಗೆ ದೇವರೇ ಮಾಡಿಟ್ಟದ್ದು ಅನ್ನಿಸಿತ್ತು.

ನನ್ನ ಅಜ್ಜ ರಾಯಬಾಗ ಕಡೆಯವರು. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಸಂಸ್ಥಾನ ವಿಲೀನವಾದ ಮೇಲೆಯೇ ಬೆಳಗಾವಿ ಜಿಲ್ಲೆಗೆ ಬಂದದ್ದು. ಹುಡುಗನಾಗಿದ್ದಾಗ ಅಜ್ಜ ಕೊಲ್ಲಾಪುರದ ಲಿಂಗಾಯತ ಬೋರ್ಡಿಂಗಿನಲ್ಲಿ ಇದ್ದು ಓದಿದರು. ಶಾಹೂ ಮಹಾರಾಜರ ಹೆಸರು ಹೇಳುವಾಗ ಅವರು ಕೈ ಮುಗಿಯುತ್ತಿದ್ದರು. ಹಳ್ಳಿಯ ಹುಡುಗರು ಪೇಟೆಗೆ ಬಂದರೆ ಇರಲು ಜಾಗವಿಲ್ಲ, ಅದಕ್ಕೇ ಓದು ನಿಲ್ಲುತ್ತದೆ ಎಂದು ಕಂಡುಕೊಂಡ ಅರಸ ಅವರು. 1901ರಲ್ಲಿ ಮರಾಠಾ ಹುಡುಗರ ವಸತಿಗೃಹದಿಂದ ಆರಂಭಿಸಿ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗು, ಹೀಗೆ ಜಾತಿಗೊಂದರಂತೆ ಅವು ಎದ್ದವು. ಸರಕಾರಿ ನೌಕರಿಯಲ್ಲಿ ನೂರಕ್ಕೆ 50 ಜಾಗ ಹಿಂದುಳಿದವರಿಗೆ ಎಂದು 1902ರಲ್ಲಿ ಆಜ್ಞೆ ಹೊರಡಿಸಿದ್ದೂ ಅವರೇ.

ಈಗ ಯೋಚಿಸಿದರೆ ಎರಡೂ ಮುಖ ಕಾಣುತ್ತದೆ. ಬೋರ್ಡಿಂಗು ಇರದಿದ್ದರೆ ನನ್ನ ಅಜ್ಜ ಎತ್ತು ಕಾಯುತ್ತಿದ್ದರು, ಅಪ್ಪ ತಲಾಟಿ ಆಗುತ್ತಿರಲಿಲ್ಲ, ನಾನು ಶಿಕ್ಷಕಿ ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಒಂದೇ ಪೇಟೆಯಲ್ಲಿ, ಒಂದೇ ವಯಸ್ಸಿನ ಹುಡುಗರು ಜಾತಿಗೊಂದು ಪಂಕ್ತಿಯಲ್ಲಿ ಉಂಡು ಬೆಳೆದರು. ಶಾಹೂ ಮಹಾರಾಜರಿಗೆ ಇದು ಗೊತ್ತಿರಲಿಲ್ಲ ಅನ್ನಲಾಗದು. 1919ರಲ್ಲಿ ಅವರು ಅಸ್ಪೃಶ್ಯರಿಗೆಂದು ಬೇರೆ ನಡೆಯುತ್ತಿದ್ದ ಶಾಲೆಗಳನ್ನು ಮುಚ್ಚಿಸಿ, ಆ ಮಕ್ಕಳನ್ನು ಎಲ್ಲರ ಶಾಲೆಗೇ ಸೇರಿಸಬೇಕೆಂದು ಆಜ್ಞೆ ಮಾಡಿದರು. ಇರುವ ಜಾಗ ಬೇರೆಯಾದರೂ ಕಲಿಯುವ ಜಾಗವಾದರೂ ಒಂದಾಗಲಿ ಎಂದಿರಬೇಕು. ಮುಂದೆ ಮೂರೇ ವರ್ಷಕ್ಕೆ, 1922ರಲ್ಲಿ ಅವರು ತೀರಿಕೊಂಡರು.

ಉಳಿದ ತಾಲೂಕುಗಳ ಊರುಗಳು ಬಹುಪಾಲು ಮುಂಬಯಿ ಇಲಾಖೆಯಲ್ಲಿದ್ದವು. 1923ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆಯವರು ತಂದ ಗೊತ್ತುವಳಿ ಸರಕಾರದ ಬಾವಿ, ಕೆರೆ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದಾಗಿ ನಾಲ್ಕು ತಿಂಗಳಿಗೆ, 1925ರ ಏಪ್ರಿಲಿನಲ್ಲಿ, ನಮ್ಮ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ದಲಿತರ ಪರಿಷತ್ತು ಸೇರಿತು, ಅದರಲ್ಲಿ ಡಾ. ಅಂಬೇಡ್ಕರ್ ಮಾತನಾಡಿದರು. ಬೆಳಗಾವಿಯ ಅಧಿವೇಶನ ನಮಗೆ ಶಾಲೆಯ ಪುಸ್ತಕದಲ್ಲಿತ್ತು. ನಿಪ್ಪಾಣಿಯ ಪರಿಷತ್ತು ಇರಲಿಲ್ಲ. ಅದು ನಡೆದದ್ದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ.

ಬಾವಿ ತೆರೆದದ್ದು ದೊಡ್ಡ ಮಾತು, ಸಣ್ಣದಲ್ಲ. ಆದರೆ ನೀರು ಹೊರುವ ಹೆಂಗಸರಿಗೆ ಒಂದು ಲೆಕ್ಕ ಗೊತ್ತು. ಬಾವಿ ಯಾರದು ಎನ್ನುವಷ್ಟೇ ಬಾವಿ ಎಷ್ಟು ದೂರ ಎನ್ನುವುದೂ ಮುಖ್ಯ. ಊರ ನಡುವಿನ ಬಾವಿಗೆ ಕೇರಿಯಿಂದ ಬರಬೇಕೆಂದರೆ ಐದು ಓಣಿ ದಾಟಬೇಕು. ಪ್ರತಿ ಕಟ್ಟೆಯ ಮೇಲೂ ಒಬ್ಬರು ಕುಳಿತಿರುತ್ತಾರೆ. ಕಾನೂನು ಬಾವಿಯ ತನಕ ಬಂತು, ದಾರಿಯಲ್ಲಿ ಜೊತೆಗೆ ನಡೆಯಲಿಲ್ಲ. ನೀರು ತರುವ ಹಕ್ಕಿದ್ದೂ ಕೇರಿಯ ಹೆಣ್ಣುಮಕ್ಕಳು ಹೊಳೆಗೇ ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ, ಅದೂ 1970ರ ಹೊತ್ತಿಗೆ. ಮನೆ ಎಲ್ಲಿದೆಯೋ ಅದು ಬಿಟ್ಟು ಬೇರೆಲ್ಲವನ್ನೂ ಸರಕಾರ ಮುಟ್ಟಿತ್ತು.

ಮನೆಯನ್ನು ಮುಟ್ಟುವ ಕಾಲವೂ ಬಂತು. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ನಿವೇಶನ ಇಲ್ಲದವರಿಗೆ ಜಾಗ ಹಂಚುವುದು, ಜನತಾ ಮನೆ ಕಟ್ಟುವುದು ಶುರುವಾಯಿತು. 1975ರ ಜುಲೈನಲ್ಲಿ ಇಂದಿರಾ ಗಾಂಧಿಯವರ 20 ಅಂಶಗಳ ಕಾರ್ಯಕ್ರಮದಲ್ಲಿ ಭೂಮಿ ಇಲ್ಲದವರಿಗೆ ಮನೆ ಜಾಗ ಕೊಡುವುದು ಸೇರಿದ್ದರಿಂದ ಅದಕ್ಕೆ ಇನ್ನೂ ಅವಸರ ಬಂತು. ನಮ್ಮ ಅಪ್ಪ ತಲಾಟಿ. ಮಾಮಲೇದಾರ ಕಚೇರಿಯಿಂದ ಕಾಗದ ಬಂದಿತು: ಜಾಗಾ ತೋರಿಸಿ, ಯಾದಿ ಮಾಡಿ ಕಳಿಸಿ.

ಊರಿಗೆ ಎರಡು ಕಡೆ ಗಾಯರಾಣ ಇತ್ತು. ಒಂದು ಶಾಲೆಯ ಪಕ್ಕದ ಏರು, ರಸ್ತೆಗೆ ಹತ್ತಿರ. ಇನ್ನೊಂದು ಕೇರಿಯ ಆಚೆ, ಹಳ್ಳದ ದಂಡೆಯ ಇಳಿಜಾರು. ಜಾಗವಿಲ್ಲದವರು ಎಲ್ಲ ಜಾತಿಯಲ್ಲೂ ಇದ್ದರು. ನಮ್ಮವರೂ ಇದ್ದರು. ಒಂದು ಸಂಜೆ ಪಂಚರು ನಮ್ಮ ಪಡಸಾಲೆಯಲ್ಲಿ ಸೇರಿದರು. ಜಗಳವಿಲ್ಲ, ಏರು ದನಿಯಿಲ್ಲ. "ಕೇರಿಯವ್ರಿಗೆ ಹಳ್ಳದ ಕಡೆ ಕೊಡ್ರಿ ತಲಾಟ್ರ. ಅವ್ರ ಮಂದಿ ಅವ್ರಿಗೆ ಹತ್ರ ಆಕ್ಕೈತಿ. ಉಳಿದವ್ರಿಗೆ ಸಾಲಿ ಕಡೆ" ಎಂದರು. ಎಷ್ಟು ಕಾಳಜಿಯ ಮಾತು ನೋಡಿ. ಅಪ್ಪ ತಲೆ ಆಡಿಸಿದರು.

ಮರುದಿನ ಕೇರಿಯ ಹಿರಿಯರೊಬ್ಬರು ಬಂದು ಅಂಗಳದಲ್ಲಿ ನಿಂತರು. "ಸಾಹೇಬ್ರ, ನಾಕು ಮನೀಗಾದ್ರೂ ಸಾಲಿ ಹತ್ರ ಕೊಡ್ರಿ. ಹುಡುಗ್ರು ಕಲೀತಾವು. ಹಳ್ಳದಾಗ ಮಳಿಗಾಲಕ್ಕ ಒಲಿ ಹತ್ತೂದಿಲ್ರಿ." ಅಪ್ಪ, "ಈ ಸಲ ಆಗೂದಿಲ್ಲ, ಮುಂದಿನ ಸಲ ನೋಡೂಣು" ಅಂದರು. ಮುಂದಿನ ಸಲ ಬರಲಿಲ್ಲ.

ಅಪ್ಪ ಲಂಚ ತಿಂದವರಲ್ಲ. ಅರ್ಹರಾದ ಒಬ್ಬರ ಹೆಸರೂ ಬಿಡಲಿಲ್ಲ. ಊರಿನಲ್ಲಿ ಗಲಾಟೆ ಆಗಬಾರದು, ಕೆಲಸ ಸುಸೂತ್ರ ಮುಗಿಯಬೇಕು, ಅಷ್ಟೇ ಅವರ ಆಸೆ. ನನಗೆ ಆಗ ಹದಿನಾಲ್ಕು. ನನ್ನ ಅಕ್ಷರ ದುಂಡಗಿದ್ದವು. ಕಂದೀಲಿನ ಬೆಳಕಿನಲ್ಲಿ ಅಪ್ಪ ಹೆಸರು ಓದಿದರು, ನಾನು ಸ್ವಚ್ಛ ಪ್ರತಿ ಬರೆದೆ. ಎರಡು ಹಾಳೆ: ಸಾಲಿ ಕಡೆಯದು ಒಂದು, ಹಳ್ಳದ ಕಡೆಯದು ಒಂದು. ಅಪ್ಪ ಬೆನ್ನು ತಟ್ಟಿ, "ಮುತ್ತಿನಂಥ ಅಕ್ಷರ" ಅಂದರು. ಹೊಗಳಿಕೆಯ ಆ ಹಿಗ್ಗು ಈಗಲೂ ನೆನಪಿದೆ, ಅದೇ ನನಗೆ ಹೆಚ್ಚು ಕಷ್ಟ.

ಆ ಮನೆಗಳನ್ನು ಹೀಗಳೆಯಲು ನನಗೆ ಬಾಯಿ ಬರುವುದಿಲ್ಲ. ಹುಲ್ಲಿನ ಗುಡಿಸಲಲ್ಲಿ ಮಳೆಗಾಲವೆಲ್ಲ ಕುಳಿತೇ ರಾತ್ರಿ ಕಳೆದವರಿಗೆ ಹಂಚಿನ ಸೂರು ಏನೆಂದು ಗೊತ್ತು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಒಬ್ಬಾಕೆ ಅವ್ವನಿಗೆ ಹೇಳುತ್ತಿದ್ದಳು: "ಯವ್ವಾ, ಬಾಗಲಕ್ಕ ಚಿಲಕ ಐತಿ ನೋಡ್ರಿ. ಈಗ ನಿದ್ದಿ ಬರ್ತೈತಿ." ಬೆಳೆದ ಹೆಣ್ಣುಮಕ್ಕಳಿದ್ದ ತಾಯಿ ಆಕೆ. ಚಿಲಕದ ಬೆಲೆ ಆಕೆಗೆ ಗೊತ್ತಿತ್ತು.

ಮುಂದೆ ಯೋಜನೆಯ ಮೇಲೆ ಯೋಜನೆ ಬಂದವು. 1985ರಲ್ಲಿ ಆರಂಭವಾದ ಇಂದಿರಾ ಆವಾಸ ಮೊದಲು ಪರಿಶಿಷ್ಟರಿಗೆ ಮತ್ತು ಜೀತಮುಕ್ತರಿಗೆ ಮಾತ್ರ ಇತ್ತು. 1993ರ ನಂತರ ಉಳಿದ ಬಡವರಿಗೂ ಬಂತು. ರಾಜ್ಯದಲ್ಲಿ 1991ರ ಹೊತ್ತಿಗೆ ಆಶ್ರಯ ಬಂತು, ಪರಿಶಿಷ್ಟರಿಗೆ ಅಂಬೇಡ್ಕರ್ ಹೆಸರಿನ ಯೋಜನೆ ಬಂತು. 2000ದಲ್ಲಿ ಈ ಕೆಲಸಕ್ಕೆಂದೇ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2010ರಲ್ಲಿ ಬಸವ ವಸತಿ, 2016ರಲ್ಲಿ ಇಂದಿರಾ ಆವಾಸದ ಜಾಗಕ್ಕೆ ಪ್ರಧಾನಮಂತ್ರಿ ಆವಾಸ. ಈ ಮನೆಗಳನ್ನು ಹೆಂಗಸಿನ ಹೆಸರಿನಲ್ಲಿ, ಇಲ್ಲವೇ ಗಂಡಹೆಂಡತಿ ಇಬ್ಬರ ಹೆಸರಿನಲ್ಲಿ ಕೊಡಬೇಕೆಂಬ ನಿಯಮ ಬಂದದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಉತಾರದಲ್ಲಿ ತನ್ನ ಹೆಸರು ನೋಡಿದ ಹೆಂಗಸಿನ ಮುಖ ನೀವೂ ನೋಡಿರಬಹುದು.

ಆದರೆ ಯೋಜನೆಗೊಂದು ಪಂಗಡ, ಪಂಗಡಕ್ಕೊಂದು ಯಾದಿ, ಯಾದಿಗೊಂದು ಜಾಗ. ಹಣ ಸರಕಾರದಿಂದ ಬರುತ್ತದೆ. ಜಾಗ ಊರಿನವರು ತೋರಿಸಬೇಕು. ಸರಕಾರಿ ಗಾಯರಾಣ ಮುಗಿದ ಮೇಲೆ ಖರೀದಿ ಮಾಡಬೇಕು. ಕಡಿಮೆ ಬೆಲೆಗೆ ಯಾರೂ ಒಳ್ಳೆಯ ಹೊಲ ಮಾರುವುದಿಲ್ಲ. ಸವಳು ಬಿದ್ದದ್ದು, ತಗ್ಗಿನದು, ದೂರದ್ದು ಮಾರುತ್ತಾರೆ. ಹೀಗೆ ಯಾರೂ ಕೆಟ್ಟದ್ದು ಬಯಸದೆಯೇ ಕೇರಿ ಉದ್ದವಾಗುತ್ತ ಹೋಗುತ್ತದೆ. ಹೆಸರು ಮಾತ್ರ ಬದಲಾಗುತ್ತದೆ. ಹಿಂದೆ ಕೇರಿ ಅನ್ನುತ್ತಿದ್ದೆವು, ಆಮೇಲೆ ಜನತಾ ಪ್ಲಾಟು ಅಂದೆವು, ಈಗ ನಗರ ಅನ್ನುತ್ತೇವೆ.

ಬೇರೆಯಾಗಿ ಇರಬೇಕೆಂದು ಅಂಬೇಡ್ಕರರೇ ಕೇಳಿರಲಿಲ್ಲವೇ ಎಂದು ಓದಿದವರು ಒಮ್ಮೊಮ್ಮೆ ವಾದ ಹೂಡುತ್ತಾರೆ. ಕೇಳಿದ್ದರು, ಹೌದು. 1947ರಲ್ಲಿ ಅಚ್ಚಾದ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಮನವಿಯಲ್ಲಿ ಪರಿಶಿಷ್ಟರಿಗೆ ಪ್ರತ್ಯೇಕ ಗ್ರಾಮಗಳನ್ನೇ ಕಟ್ಟಿಕೊಡಬೇಕೆಂದರು. ಆದರೆ ಸಾಗುವಳಿಗೆ ಭೂಮಿ ಕೊಟ್ಟು ಕಟ್ಟಿಕೊಡಬೇಕು ಎಂದದ್ದು. ಊರಿನ ಹೊಲದಲ್ಲಿ ಕೂಲಿ ಮಾಡಿಕೊಂಡು, ಊರಿನ ಅಂಚಿನಲ್ಲಿ ನಾಲ್ಕು ಮನೆಯಾಗಿ ಇರುವವರೆಗೂ ಊರಿನ ಹಿಡಿತ ತಪ್ಪದು ಎಂಬುದು ಅವರ ವಿಚಾರ. ನಾವು ಕೊಟ್ಟದ್ದೇನು? ಬೇರೆ ಜಾಗ ಕೊಟ್ಟೆವು, ಭೂಮಿ ಕೊಡಲಿಲ್ಲ. ಬೆಳಗಾದರೆ ಅದೇ ಹೊಲಕ್ಕೆ ಕೂಲಿಗೆ ಬರಬೇಕು, ಸಂಜೆ ಅದೇ ಅಂಚಿಗೆ ಹೋಗಬೇಕು.

ಇದರ ಜೊತೆಗೆ ನಮ್ಮ ಕಡೆ ಇನ್ನೊಂದು ನಡೆಯಿತು. ಹಿಡಕಲ್ ಆಣೆಕಟ್ಟಿನ ಕಾಲುವೆ, ಕೃಷ್ಣೆಯ ಪೈಪ್‌ಲೈನು, ಬೋರು ಬಂದಂತೆ ಭೂಮಿ ಇದ್ದವರು ಊರೊಳಗಿನ ಮನೆ ಬಿಟ್ಟು ತೋಟಕ್ಕೆ ಹೋದರು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಬಸ್ಸಿನಲ್ಲಿ ಹೋಗುವಾಗ ಕಬ್ಬಿನ ನಡುವೆ ಒಂದೊಂದೇ ಮನೆ ಕಾಣುತ್ತದಲ್ಲ, ಅವೇ. ತೋಟದಲ್ಲಿ ಮಂದಿ ಹೆಚ್ಚಾದ ಮೇಲೆ ಅಲ್ಲೇ ಶಾಲೆಯೂ ಬಂತು. ಊರಿನ ಶಾಲೆಯಲ್ಲೂ ತೋಟದ ಶಾಲೆಯಲ್ಲೂ ನಾನು ಕಲಿಸಿದ್ದೇನೆ. ಹಾಜರಿ ಪುಸ್ತಕ ತೆರೆದರೆ ಸಾಕು, ಅಡ್ಡಹೆಸರು ನೋಡುತ್ತ ಹೋದರೆ ತಿಳಿಯುತ್ತದೆ. ತೋಟದ ಶಾಲೆಯಲ್ಲಿ ಒಂದಿಬ್ಬರು ಅಣ್ಣತಮ್ಮಂದಿರ ವಂಶವೇ ತುಂಬಿರುತ್ತಿತ್ತು. ಊರಿನ ಶಾಲೆಯಲ್ಲಿ ಪ್ಲಾಟಿನ ಮಕ್ಕಳು, ಮುಲ್ಲಾ ಓಣಿಯ ಮಕ್ಕಳು ಉಳಿದರು. ನೂರು ವರ್ಷದ ಹಿಂದೆ ಶಾಹೂ ಮಹಾರಾಜರು ಆಜ್ಞೆ ಮಾಡಿ ಕೂಡಿಸಿದ್ದನ್ನು ಮನೆಗಳು ಯಾವ ಆಜ್ಞೆಯೂ ಇಲ್ಲದೆ ಮತ್ತೆ ಬಿಡಿಸಿದ್ದವು.

ಹೀಗೇ ಆಗಬೇಕೆಂದೇನೂ ಇಲ್ಲ ಎಂಬುದನ್ನು ನಾನು ನಿಪ್ಪಾಣಿಯಲ್ಲಿ ಕಂಡೆ. ತಂಬಾಕಿನ ವಖಾರಗಳ, ಬೀಡಿಯ ಊರದು. 1980ರ ಹೊತ್ತಿನಲ್ಲಿ ಅಲ್ಲಿನ ತಂಬಾಕಿನ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಎದ್ದು ನಿಂತದ್ದರ ಮೇಲೆ 1982ರಲ್ಲಿ ಒಂದು ಸಾಕ್ಷ್ಯಚಿತ್ರವೇ ಬಂತು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ 1976ರದು. 2017ರ ತನಕ ಬೀಡಿಯ ಮೇಲೆ ಇದ್ದ ಸುಂಕದಿಂದ ಕೂಡಿದ ಹಣದಲ್ಲಿ ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ, ಮನೆಗೆ ನೆರವು. ಅಲ್ಲಿ ಕೇಳುವುದು ಬೀಡಿ ಕಾರ್ಮಿಕಳೆಂಬ ಗುರುತಿನ ಚೀಟಿ. ನನ್ನ ಗೆಳತಿಯೊಬ್ಬಳ ಜೊತೆ ಬೀಡಿ ಕಟ್ಟುವವರ ಒಂದು ಸಾಲಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಮುಸಲ್ಮಾನರು, ಮರಾಠರು, ದಲಿತರು, ನಮ್ಮವರು ಬೀಡಿ ಸುತ್ತುತ್ತಿದ್ದರು. ಒಬ್ಬಾಕೆಗೆ ಎಲೆ ಕಡಿಮೆ ಬಿತ್ತು, ಪಕ್ಕದಾಕೆ ತನ್ನ ಕಟ್ಟಿನಿಂದ ತೆಗೆದುಕೊಟ್ಟಳು. ಕೈಗಳೆಲ್ಲ ಒಂದೇ ತಂಬಾಕಿನ ವಾಸನೆ. ಅವರಲ್ಲೇನು ಜಗಳವಿಲ್ಲವೇ? ನಳದ ಮುಂದೆ ಜುಟ್ಟು ಜುಟ್ಟು ಹಿಡಿಯುತ್ತಾರಂತೆ. ಆದರೆ ಒಬ್ಬಾಕೆಗೆ ಹೆರಿಗೆ ನೋವು ಬಂದರೆ ಇನ್ನೊಬ್ಬಾಕೆ ರಿಕ್ಷಾ ತರಲು ಓಡುತ್ತಾಳೆ.

ಅಥಣಿಯ ಚಪ್ಪಲಿಯನ್ನೂ ಇಲ್ಲಿ ನೆನೆಯಬೇಕು. ಕೊಲ್ಲಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿ ನಮ್ಮ ಅಥಣಿ, ನಿಪ್ಪಾಣಿಗಳಲ್ಲೂ ತಯಾರಾಗುತ್ತದೆ. ಗಂಡಸರು ಅಟ್ಟೆ ಕತ್ತರಿಸಿದರೆ ಹೆಂಗಸರು ಹೊಲಿಯುತ್ತಾರೆ, ಹೆಣಿಕೆ ಹಾಕುತ್ತಾರೆ, ಎಲ್ಲ ಮನೆಯಲ್ಲೇ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆ ಸೇರಿದವು. ಗಡಿಯ ಹೆಸರಿನಲ್ಲಿ ಅರ್ಧ ಶತಮಾನ ಕಾದಾಡಿದ ಎರಡು ರಾಜ್ಯಗಳು ಚಪ್ಪಲಿಯಲ್ಲಿ ಒಂದಾದವು. ಅದನ್ನು ಹೊಲಿದವರ ಓಣಿ ಮಾತ್ರ ಎಷ್ಟೋ ಊರಲ್ಲಿ ಇದ್ದಲ್ಲೇ ಇದೆ.

ಬೇರೆ ಕಡೆ ಏನು ಮಾಡಿದರೆಂದು ಓದಿ ನೋಡಿದೆ. ಸಿಂಗಾಪುರದಲ್ಲಿ ಸರಕಾರ ಕಟ್ಟಿದ ಮನೆಗಳಲ್ಲೇ ಬಹುಪಾಲು ಜನ ಇರುತ್ತಾರೆ. ಚೀನೀಯರು, ಮಲಯರು, ಭಾರತೀಯರು ತಮ್ಮ ತಮ್ಮವರೇ ಒಂದೆಡೆ ಗುಂಪಾಗುತ್ತಿದ್ದಾರೆಂದು ಕಂಡು, 1989ರಲ್ಲಿ ಒಂದೊಂದು ಕಟ್ಟಡದಲ್ಲೂ ಯಾರು ಎಷ್ಟು ಪಾಲು ಮೀರಬಾರದೆಂದು ನಿಯಮ ತಂದರು. ನಮ್ಮ ನೆರೆಯ ತಮಿಳುನಾಡಿನಲ್ಲಿ 1990ರ ದಶಕದ ಕೊನೆಗೆ ಕರುಣಾನಿಧಿಯವರ ಸರಕಾರ ಪೆರಿಯಾರರ ಹೆಸರಿನಲ್ಲಿ ಸಮತ್ವಪುರಗಳನ್ನು ಕಟ್ಟಿತು. ಒಂದೊಂದರಲ್ಲಿ 100 ಮನೆ. 40 ದಲಿತರಿಗೆ, 25 ಹಿಂದುಳಿದವರಿಗೆ, 25 ಅತಿ ಹಿಂದುಳಿದವರಿಗೆ, 10 ಉಳಿದವರಿಗೆ. ಎಲ್ಲರಿಗೂ ಒಂದೇ ಸ್ಮಶಾನ. ಆಜ್ಞೆಯಿಂದ ಪ್ರೀತಿ ಹುಟ್ಟುತ್ತದೆಯೇ ಎಂದು ಕೇಳಬಹುದು. ಪ್ರೀತಿ ಹುಟ್ಟದಿರಬಹುದು, ಆದರೆ ಗುರುತು ಹುಟ್ಟುತ್ತದೆ. ಗುರುತೇ ಇಲ್ಲದ ಕಡೆ ಪ್ರೀತಿಯ ಮಾತು ಎಲ್ಲಿಯದು?

ನಮ್ಮ ಕಾನೂನಿನಲ್ಲೂ ಇದೆ. 1955ರಲ್ಲಿ ಬಂದ ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ, ಈಗಿನ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ವಾಸಿಸುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದು ಅಪರಾಧ ಎನ್ನುತ್ತದೆ. ಇನ್ನೊಂದು ಕಡೆ, ಅಹಮದಾಬಾದಿನ ಪಾರ್ಸಿಗಳ ಗೃಹ ಸಹಕಾರ ಸಂಘವೊಂದು ತಮ್ಮವರಿಗಷ್ಟೇ ಸದಸ್ಯತ್ವ ಕೊಡಬಹುದೆಂದು 2005ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ದೇಶವೇ ಎರಡು ಮನಸ್ಸಿನಲ್ಲಿದೆ ಅನ್ನಿಸುತ್ತದೆ. ಆದರೆ ನನ್ನ ಗೇಟಿಗೆ ಯಾವ ಕೋರ್ಟೂ ಬಂದು ನಿಂತಿರಲಿಲ್ಲ. ಕೇಳಿದವಳು ನಾನು, ಉತ್ತರ ತಿರುಗಿಸಿದವಳೂ ನಾನೇ.

2019ರ ಆಗಸ್ಟಿನ ಮಹಾಪೂರ ನಿಮಗೆಲ್ಲ ನೆನಪಿರಬೇಕು. ಕನ್ನಡದಲ್ಲಿ ನೆರೆ ಅಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ಆ ವರ್ಷ ನಾನು ಕಾಗವಾಡ ಕಡೆಯ ಒಂದು ಊರಿನ ಶಾಲೆಯಲ್ಲಿದ್ದೆ. ಕೃಷ್ಣೆ ಊರೊಳಗೆ ಬಂದಳು. ಮೊದಲು ಪ್ಲಾಟು ಮುಳುಗಿತು, ಆಮೇಲೆ ಕೇರಿ, ಕೊನೆಗೆ ವಾಡೆಯ ಮೆಟ್ಟಿಲಿಗೂ ನೀರು. ಎತ್ತರದಲ್ಲಿದ್ದ ನಮ್ಮ ಶಾಲೆಯೇ ಪರಿಹಾರ ಕೇಂದ್ರವಾಯಿತು. ಮೊದಲ ದಿನ ಒಬ್ಬರಿಗೊಬ್ಬರು ಕೋಣೆ ಬೇರೆ ಹಿಡಿದರು. ಮೂರನೆಯ ದಿನಕ್ಕೆ ಕೋಣೆ ಸಾಲಲಿಲ್ಲ. ಐದನೆಯ ತರಗತಿಯಲ್ಲಿ ಗೌಡರ ಮುದುಕಿಯ ಹಾಸಿಗೆಯ ಪಕ್ಕ ಕೇರಿಯ ಬಾಣಂತಿ ಮಲಗಿದಳು. ರಾತ್ರಿ ಕೂಸು ಅತ್ತರೆ ಮುದುಕಿ, "ಹೊಟ್ಟಿ ನೋಯ್ತಿರಬೇಕವಾ, ಅಜವಾನದ ನೀರು ಕುಡಸು" ಅನ್ನುತ್ತಿದ್ದಳು. ಅಡಿಗೆಗೆ ಯಾರು ಕೈ ಹಚ್ಚಿದರೆಂದು ಯಾರೂ ಕೇಳಲಿಲ್ಲ, ಅನ್ನ ಬಂದರೆ ಸಾಕಾಗಿತ್ತು.

ನೀರು ಇಳಿಯಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರಕಾರ ಸಾರಿತು. ಸಣ್ಣ ಮೊತ್ತವೇನಲ್ಲ. ಆದರೆ ಉತಾರ ಇದ್ದವರ ಕೆಲಸ ಬೇಗ ಆಯಿತು. ಗಾಯರಾಣದಲ್ಲಿ ಮೂವತ್ತು ವರ್ಷದಿಂದ ಇದ್ದೂ ಕಾಗದ ಇಲ್ಲದವರು ಕಚೇರಿಗೆ ಅಲೆದರು. ಬಿದ್ದಲ್ಲೇ ಮನೆ ಎದ್ದವು. ಅದೇ ಓಣಿ, ಅದೇ ತಗ್ಗು. ಒಂದು ಊರನ್ನು ಹೊಸದಾಗಿ ಕಟ್ಟುವ ಸಂದರ್ಭ ನಮ್ಮ ಅಂಗಳದ ತನಕ ಬಂದು ಹಾಗೇ ಹೋಯಿತು. ಮುಂದಿನ ಪಂಚಮಿಗೆ ಆ ಬಾಣಂತಿ ಕೂಸನ್ನು ಎತ್ತಿಕೊಂಡು ಮುದುಕಿಗೆ ತೋರಿಸಲು ವಾಡೆಗೆ ಹೋದಳಂತೆ. ಮುದುಕಿ ಕೂಸಿಗೆ ನೂರು ರೂಪಾಯಿ ಕೊಟ್ಟು ಮುದ್ದಾಡಿದಳು. ಅಂಗಳದಲ್ಲಿ ನಿಂತುಕೊಂಡು.

ಇಷ್ಟೆಲ್ಲ ಕಣ್ಣಾರೆ ಕಂಡವಳು ಎರಡು ವರ್ಷಕ್ಕೆ ನನ್ನ ಪಡಸಾಲೆಯಲ್ಲಿ ಕುಳಿತು ಆ ಪ್ರಶ್ನೆ ಕೇಳಿದೆ. ಆಮೇಲೆ ದವಾಖಾನೆಗೆ ಹೋಗಿ ಆ ನರ್ಸನ್ನು ಹುಡುಕಿದೆ. ಅವಳಿಗೆ ಬೇರೆ ಊರಿಗೆ ವರ್ಗವಾಗಿತ್ತು. ಇಲ್ಲಿ ಇದ್ದಷ್ಟು ದಿನ ಆರು ಮೈಲು ದೂರದ ತನ್ನ ಸಂಬಂಧಿಕರ ಮನೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳಂತೆ, ರಾತ್ರಿ ಪಾಳಿ ಇದ್ದಾಗಲೂ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ತಪ್ಪಾಯಿತು ಎನ್ನುವುದು ನನಗೆ ಹಗುರ, ಅವಳಿಗೆ ಅದರಿಂದ ಏನು?

ಬೋರ್ಡು ಗೇಟಿಗೇ ಇತ್ತು. ಒಂದು ದಿನ ಫೋನ್ ಬಂತು. ಗಂಡಸಿನ ದನಿ, ಹೆಂಡತಿ ಪಕ್ಕದಿಂದ ಏನೋ ಹೇಳಿಕೊಡುತ್ತಿದ್ದಳು. "ಬಾಯಾರ, ಮನಿ ನೋಡಾಕ ಬರೂಕಿಂತ ಮದಲ ಒಂದು ಮಾತ ಹೇಳಿಬಿಡ್ತೇನ್ರಿ. ಆಮ್ಯಾಲ ನಿಮಗೂ ತ್ರಾಸ ಬ್ಯಾಡ, ನಮಗೂ ಬ್ಯಾಡ" ಎಂದು ತಮ್ಮ ಜಾತಿ ಹೇಳಿ, "ನಡೀತೈತೇನ್ರಿ?" ಎಂದು ಕೇಳಿದ. ಎಷ್ಟು ಮನೆಗಳ ಮೆಟ್ಟಿಲು ಇಳಿದ ಮೇಲೆ ಮನುಷ್ಯ ಈ ಮಾತು ಕಲಿಯುತ್ತಾನೆ!

"ನಳ ದಿನಾ ಬರೂದಿಲ್ಲಪಾ. ಮೂರು ದಿನಕ್ಕೊಮ್ಮೆ ಬರ್ತೈತಿ. ಮ್ಯಾಲ ನೀರು ಹೊರಬೇಕಾಕ್ಕೈತಿ. ಅದು ನಡೀತೈತಿ ಅಂದ್ರ ಬರ್ರಿ" ಅಂದೆ.

ಅವರು ಬಂದು ಈಗ ಎರಡು ವರ್ಷ ಆಯಿತು. ಎದುರು ಮನೆಯ ವೈನಿ ಒಂದು ನವರಾತ್ರಿ ಅರಿಷಿಣ ಕುಂಕುಮಕ್ಕೆ ಬರಲಿಲ್ಲ. ಮರುವರ್ಷ ಬಂದರು, ಚಹಾ ಕುಡಿಯಲಿಲ್ಲ. ನಳ ಬಂದ ದಿನ ಮೇಲಿನಾಕೆ ಮೊದಲು ನನ್ನ ಕೊಡ ತುಂಬಿಸಿ ಆಮೇಲೆ ತನ್ನದು ಹಿಡಿಯುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. ನನಗೆ ಮೊಣಕಾಲು ನೋವು, ಕೊಡ ಎತ್ತಲಾಗುವುದಿಲ್ಲ. ಒಳಗೆ ಅಡಿಗೆಮನೆಯ ತನಕ ಆಕೆಯೇ ತಂದಿಟ್ಟು ಹೋಗುತ್ತಾಳೆ.